ಎಡಗೈ ಮಗಳಿಗೆ ಫ್ಲೈ ಕಟ್ಟೋದು ಕಲಿಸಿದವರು ಇದ್ದೀರಾ?

ಪ್ರಶ್ನೆ, ಕುವೆಂಪುನಗರದಿಂದ: ಮೀನು ಹಿಡಿಯೋ ಫ್ಲೈಗಳನ್ನು ಮನೆಯಲ್ಲೇ ಕಟ್ಟುತ್ತೇನೆ. ಕೊಕ್ಕೆಗೆ ದಾರ, ಗರಿ ಸುತ್ತಿ ಹುಳುವಿನ ಥರ ಮಾಡೋದು. ಒಂಬತ್ತು ವರ್ಷದ ಮಗಳಿಗೂ ಆಸೆ ಬಂದಿದೆ, ಆದರೆ ಅವಳು ಎಡಚಿ. ಪಕ್ಕದಲ್ಲಿ ಕೂತು ನನ್ನ ಹಾಗೇ ಮಾಡಲು ಹೋದರೆ ಕೈ ಗೋಜಲಾಗುತ್ತದೆ. ಅವರಜ್ಜಿ ಬಲಗೈಯನ್ನೇ ರೂಢಿ ಮಾಡಿಸು ಅಂತಾರೆ.

ಶ್ರೀರಂಗಪಟ್ಟಣದಿಂದ: ನಾನೇ ಎಡಚ ಸಾರ್. ಅಜ್ಜಿ ಮಾತು ಇದೊಂದರಲ್ಲಿ ಬೇಡ. ಕೊಕ್ಕೆಯನ್ನು ಕಚ್ಚಿ ಹಿಡಿದಿರೋ ವೈಸ್ ತಿರುಗಿಸಿ. ನಿಮಗೆ ಕೊಕ್ಕೆಯ ಕಣ್ಣು ಬಲಕ್ಕಿದ್ದರೆ ಅವಳಿಗೆ ಎಡಕ್ಕಿರಬೇಕು. ದಾರದ ಉರುಳೆ ಹಿಡಿಯೋ ಬಾಬಿನ್ ಎಡಗೈಗೆ, ಗರಿ ಬಲಗೈಗೆ. ದಾರ ಮೇಲಿಂದ ಆಚೆ ಹೋಗಿ ಕೆಳಗಿಂದ ತನ್ನ ಕಡೆ ಬರೋದು ಮಾತ್ರ ಇಬ್ಬರಿಗೂ ಒಂದೇ. ಮುಖ್ಯವಾಗಿ, ಪಕ್ಕ ಬೇಡ, ಎದುರು ಕೂರಿಸಿ. ನಿಮ್ಮ ಬಲಗೈ ಅವಳ ಎಡಗೈಗೆ ಎದುರಾಗುತ್ತದೆ, ಕನ್ನಡಿ ನೋಡಿದ ಹಾಗೆ. ನಿಮ್ಮ ದಾರ ಅವಳ ಕಡೆ ಹೋದಾಗ ಅವಳ ದಾರ ನಿಮ್ಮ ಕಡೆ ಬರಬೇಕು. ಇಷ್ಟು ಹೇಳಿಕೊಟ್ಟರೆ ಸಾಕು. ವಿಡಿಯೋ ತೋರಿಸೋದಾದರೆ ಎಡಬಲ ತಿರುಗಿಸಿ ತೋರಿಸಿ.

ಮಂಡ್ಯದಿಂದ: ಕತ್ತರಿ ಮರೀಬೇಡಿ. ಮಾಮೂಲಿ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಅಲಗುಗಳು ಒತ್ತೋ ಬದಲು ದೂರ ಸರಿಯುತ್ತವೆ. ಗರಿ ತುಂಡಾಗದೆ ಮಡಚಿಕೊಳ್ಳುತ್ತದೆ. ಮಗು ತನ್ನ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತೆ, ಪಾಪ. ಎಡಗೈ ಕತ್ತರಿ ಸಿಗದಿದ್ದರೆ ದರ್ಜಿಗಳು ದಾರ ಕತ್ತರಿಸೋ ಪುಟ್ಟ ಸ್ಪ್ರಿಂಗ್ ಕತ್ತರಿ ಕೊಟ್ಟು ನೋಡಿ.

ಸರಸ್ವತಿಪುರಂನಿಂದ: ಆದರೂ ಒಂದು ಮಾತು. ಎಡಗೈಯಲ್ಲಿ ಬರೆಯೋರೆಲ್ಲ ಎಲ್ಲವನ್ನೂ ಎಡಗೈಯಲ್ಲೇ ಮಾಡಲ್ಲ. ಸಚಿನ್ ಬರೆಯೋದು ಎಡಗೈಯಲ್ಲಿ, ಬ್ಯಾಟ್ ಮಾಡಿದ್ದು ಬಲಗೈಯಲ್ಲಿ ಅಲ್ವಾ? ನನ್ನ ಮಗನೂ ಎಡಚ, ದಾರ ಮಾತ್ರ ಬಲಗೈಯಲ್ಲೇ ಸುತ್ತುತ್ತಾನೆ. ವೈಸ್ ಎರಡೂ ಕಡೆ ಇಟ್ಟು ಕೊಡಿ, ಅವಳೇ ಆರಿಸಿಕೊಳ್ಳಲಿ.

ಮೊದಲಿಗೆ 8ನೇ ನಂಬರಿನ ದೊಡ್ಡ ಕೊಕ್ಕೆ ಸಾಕು. ಅದರ ಮೊನೆಯ ಹಿಂದಿರೋ ಹಿಮ್ಮುಖ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಬಿಡಿ. ಮೈಗೆ ಉಲ್ಲನ್, ಸುತ್ತಲು ನಾಟಿ ಹುಂಜದ ಕುತ್ತಿಗೆ ಗರಿ, ಸೋಪಿನಲ್ಲಿ ತೊಳೆದು ಒಣಗಿಸಿದ್ದು. ರಂಗನತಿಟ್ಟಿಗೆ ಹೋದಾಗ ಬಿದ್ದಿರೋ ಗರಿ ಎತ್ತಿಕೊಂಡು ಬರಬೇಡಿ, ಅದು ಪಕ್ಷಿಧಾಮ.

ಮತ್ತೆ ಶ್ರೀರಂಗಪಟ್ಟಣದಿಂದ: ಕೊನೆಯ ಗಂಟಿಗೆ ವಿಪ್ ಫಿನಿಶ್ (ದಾರವನ್ನು ಅದರ ಮೇಲೇ ಹಲವು ಸುತ್ತು ಸುತ್ತಿ ಬಿಗಿಯೋ ಗಂಟು) ಈಗಲೇ ಬೇಡ, ದೊಡ್ಡವರಿಗೇ ತಲೆ ಕೆಡುತ್ತೆ. ಖಾಲಿ ಬಾಲ್‌ಪೆನ್ನಿನ ತುದಿಗೆ ದಾರ ಒಂದು ಸುತ್ತು ಹಾಕಿ, ಆ ತುದಿಯನ್ನು ಕೊಕ್ಕೆಯ ಕಣ್ಣಿಗೆ ತೊಡಿಸಿ, ಸುತ್ತನ್ನು ಜಾರಿಸಿ ಎಳೆದರೆ ಗಂಟು ಬೀಳುತ್ತದೆ. ಅಂಥ ಮೂರು ಗಂಟು, ಮೇಲೆ ಒಂದು ತೊಟ್ಟು ನೇಲ್ ಪಾಲಿಶ್. ಬಣ್ಣ ಅವಳಿಷ್ಟ.