ಬಿಸಿಯಾದಾಗ ಮಾತ್ರ ನಿಂತುಹೋಗುವ ಮಾರಿಸ್ ಮೈನರ್: ದೋಷ ಪೆಟ್ರೋಲಿನದೋ, ಕಿಡಿಯದೋ?

ಪ್ರಶ್ನೆ

ನನ್ನ ಬಳಿ 1967ರ ಮಾರಿಸ್ ಮೈನರ್ 1000 ಇದೆ. 1098 ಸಿ.ಸಿ. ಎಂಜಿನ್, ಒಂದೇ ಎಸ್‌ಯು ಕಾರ್ಬ್ಯುರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಭಾಗ), ಮೊದಲಿನಿಂದಲೂ ಇದ್ದ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ), ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಮೈಗೆ ಸೇರಿರುವುದು). ವೈರಿಂಗಿಗೆ ಯಾರೂ ಕೈ ಹಾಕಿದಂತೆ ಕಾಣುವುದಿಲ್ಲ. ಬೆಳಿಗ್ಗೆ ಚೋಕ್ ಎಳೆದರೆ ಮೊದಲ ಪ್ರಯತ್ನಕ್ಕೇ ಸ್ಟಾರ್ಟ್ ಆಗುವ ಎಂಜಿನ್, ಇಪ್ಪತ್ತು ಇಪ್ಪತ್ತೈದು ನಿಮಿಷ ಯಾವ ತಕರಾರೂ ಇಲ್ಲದೆ ಓಡಿ, ಆಮೇಲೆ ಏರಿನಲ್ಲಿ ಮಿಸ್ ಹೊಡೆಯಲು ಶುರುಮಾಡುತ್ತದೆ. ಸೈಲೆನ್ಸರಿನಲ್ಲಿ ಒಂದೆರಡು ಬಾರಿ ಪಟಾಕಿಯಂತೆ ಸಿಡಿಯುತ್ತದೆ. ಅದಾಗಿ ಎರಡು ನಿಮಿಷದೊಳಗೆ ನಿಂತೇಹೋಗುತ್ತದೆ. ಬಾನೆಟ್ ತೆರೆದು ಅರ್ಧ ಗಂಟೆ ಕಾದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ರೇಡಿಯೇಟರಿನ ನೀರು ಕುದಿದಿಲ್ಲ, ಎಣ್ಣೆಯ ಮಟ್ಟ ಸರಿಯಾಗಿದೆ.

ಇದು ವೇಪರ್ ಲಾಕ್ (ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿ ಹರಿವು ನಿಲ್ಲುವುದು) ಇರಬೇಕೆಂದುಕೊಂಡು ಪೆಟ್ರೋಲ್ ಕೊಳವೆಗೆ ಶಾಖ ತಡೆಯುವ ಪಟ್ಟಿ ಸುತ್ತಿದೆ, ಫಿಲ್ಟರ್ ಬದಲಿಸಿದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ, ಮಿಶ್ರಣ ತೆಳುವಾಗಿರಬಹುದೆಂದು ಅದರಲ್ಲಿ ಪೆಟ್ರೋಲಿನ ಪ್ರಮಾಣ ಹೊಂದಿಸುವ ಜೆಟ್ಟಿನ ನಟ್ಟನ್ನು ಸ್ವಲ್ಪ ಕೆಳಗಿಳಿಸಿದೆ. ಪ್ಲಗ್‌ಗಳೂ ಪ್ಲಗ್ ವೈರ್‌ಗಳೂ ಹೊಸವು. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಹಳೆಯ ಕಾಯಿಲಿನಿಂದ ಎಣ್ಣೆ ಜಿನುಗುತ್ತಿದ್ದುದರಿಂದ ಮೂರು ತಿಂಗಳ ಹಿಂದೆ ಅದನ್ನೂ ಬದಲಿಸಿದ್ದೆ. ಕಾಯಿಲಿನ ಕರೆಂಟನ್ನು ಕೂಡಿಸಿ ಕಡಿಯುವ ಕಾಂಟ್ಯಾಕ್ಟ್ ಪಾಯಿಂಟ್‌ಗಳನ್ನು ಈ ಅವಧಿಯಲ್ಲಿ ಎರಡು ಬಾರಿ ಹಾಕಿಯಾಯಿತು. ಯಾಕೋ ಬೇಗ ಕಪ್ಪಾಗುತ್ತಿವೆ. ಇನ್ನು ಪೆಟ್ರೋಲ್ ಪಂಪನ್ನೇ ಬದಲಿಸುವುದೊಂದು ಬಾಕಿ. ಅದಕ್ಕೆ ಮುಂಚೆ ಅನುಭವಿಗಳ ಅಭಿಪ್ರಾಯ ಕೇಳೋಣವೆನಿಸಿತು.

ಮೊದಲ ಉತ್ತರ

ವೇಪರ್ ಲಾಕ್ ಎಂಬ ನಿಮ್ಮ ಅನುಮಾನ ಆಧಾರವಿಲ್ಲದ್ದೇನಲ್ಲ. ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಮತ್ತು ಎಗ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಬಿಸಿ ಕೊಳವೆ) ಒಂದೇ ಬದಿಯಲ್ಲಿ ಒಂದರ ಮೇಲೊಂದು ಇರುವುದರಿಂದ ಕಾರ್ಬ್ಯುರೇಟರಿನ ಪುಟ್ಟ ಪೆಟ್ರೋಲ್ ಪಾತ್ರೆಯಾದ ಫ್ಲೋಟ್ ಚೇಂಬರಿನಲ್ಲಿರುವ ಪೆಟ್ರೋಲ್ ಕಾಯುತ್ತದೆ. ಪಂಪ್ ಎಂಜಿನ್ ಕೋಣೆಯಲ್ಲೇ ಇದ್ದು ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದುಕೊಳ್ಳುವುದರಿಂದ ಕೊಳವೆಯೊಳಗಿನ ಒತ್ತಡವೂ ಕಡಿಮೆಯಿರುತ್ತದೆ, ಒತ್ತಡ ಕಡಿಮೆಯಾದಷ್ಟೂ ಪೆಟ್ರೋಲ್ ಬೇಗ ಆವಿಯಾಗುತ್ತದೆ. ಆದರೆ ಹಾಗಿದೆಯೋ ಇಲ್ಲವೋ ಎಂದು ತಿಳಿಯಲು ಪಂಪ್ ಬದಲಿಸಬೇಕಾಗಿಲ್ಲ. ಗಾಡಿ ನಿಂತ ತಕ್ಷಣ ಇಗ್ನಿಷನ್ ಆನ್ ಮಾಡಿ ಕಿವಿಗೊಟ್ಟು ಕೇಳಿ. ಎಸ್‌ಯು ವಿದ್ಯುತ್ ಪಂಪ್ ಫ್ಲೋಟ್ ಚೇಂಬರ್ ತುಂಬಿದ್ದರೆ ಒಂದೆರಡು ಬಾರಿ ಟಿಕ್ಕೆಂದು ಸುಮ್ಮನಾಗುತ್ತದೆ. ನಿಲ್ಲದೆ ಟಿಕ್ ಟಿಕ್ ಎನ್ನುತ್ತಲೇ ಇದ್ದರೆ ಅದು ಗಾಳಿಯನ್ನೋ ಆವಿಯನ್ನೋ ಎಳೆಯುತ್ತಿದೆ ಎಂದರ್ಥ. ಸದ್ದೇ ಇಲ್ಲದಿದ್ದು, ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲನೆ ತಟ್ಟಿದಾಗ ಎಚ್ಚೆತ್ತರೆ ಪಂಪಿನೊಳಗಿನ ಪಾಯಿಂಟ್‌ಗಳು ಸವೆದಿವೆ.

ಅದೇ ಹೊತ್ತಿಗೆ ಟ್ಯಾಂಕಿನ ಮುಚ್ಚಳವನ್ನೂ ತೆರೆದು ನೋಡಿ. ಗಾಳಿ ಒಳನುಗ್ಗುವ ಸದ್ದು ಕೇಳಿದರೆ ಮುಚ್ಚಳದ ಗಾಳಿಕಿಂಡಿ ಕಟ್ಟಿಕೊಂಡಿದೆ. ಹಾಗಿದ್ದರೆ ಕೊಳವೆಗೆ ಎಷ್ಟು ಪಟ್ಟಿ ಸುತ್ತಿದರೂ ಅದರಿಂದ ಉಪಯೋಗವಿಲ್ಲ.

ಎರಡನೆಯ ಉತ್ತರ

ಪ್ರಶ್ನೆಯಲ್ಲಿ ಎರಡು ಮಾತುಗಳು ಬಂದು ಹಾಗೆಯೇ ಹೋಗಿವೆ. ನನ್ನ ಗಮನ ಅವುಗಳ ಮೇಲಿದೆ. ಮೊದಲನೆಯದು ಸೈಲೆನ್ಸರಿನಲ್ಲಿ ಸಿಡಿಯುವುದು. ಪೆಟ್ರೋಲ್ ಸಿಗದ ಎಂಜಿನ್ ಎಣ್ಣೆ ತೀರಿದ ದೀಪದಂತೆ ಸೊರಗುತ್ತಾ ಆರುತ್ತದೆ. ಕಿಡಿ ತಪ್ಪಿದ ಎಂಜಿನ್ನಿನಲ್ಲಿ ಉರಿಯದ ಮಿಶ್ರಣ ಹಾಗೆಯೇ ಸೈಲೆನ್ಸರಿಗೆ ಹೋಗಿ, ಕಿಡಿ ಮತ್ತೆ ಹೊತ್ತಿದಾಗ ಬರುವ ಬಿಸಿ ಅನಿಲದಿಂದ ಅಲ್ಲಿ ಸಿಡಿಯುತ್ತದೆ. ಎರಡನೆಯದು ಮೂರು ತಿಂಗಳಲ್ಲಿ ಎರಡು ಜೊತೆ ಪಾಯಿಂಟ್‌ಗಳು ಕಪ್ಪಾಗಿರುವುದು. ಪಾಯಿಂಟ್‌ಗಳು ಸುಮ್ಮನೆ ಕಪ್ಪಾಗುವುದಿಲ್ಲ. ಒಂದೋ ಅವು ತೆರೆದಾಗ ಅಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಕೆಟ್ಟಿರಬೇಕು, ಇಲ್ಲವೇ ಅವುಗಳ ಮೂಲಕ ಹರಿಯಬಾರದಷ್ಟು ಕರೆಂಟ್ ಹರಿಯುತ್ತಿರಬೇಕು. ಕಾಯಿಲ್ ಬದಲಿಸಿದ್ದೂ ಮೂರು ತಿಂಗಳ ಹಿಂದೆಯೇ ಎಂದಿದ್ದೀರಿ.

ಇದನ್ನು ತಣ್ಣಗಿನ ಎಂಜಿನ್ನಿನ ಮೇಲೆ ಪರೀಕ್ಷಿಸಿ ಪ್ರಯೋಜನವಿಲ್ಲ. ಒಂದು ಹಳೆಯ ಪ್ಲಗ್, ಅದರ ಮೈಯನ್ನು ಎಂಜಿನ್ ಬ್ಲಾಕಿಗೆ ಕಚ್ಚಿಸಲು ಒಂದು ಕ್ಲಿಪ್ ವೈರ್, ಒಂದು ಮಲ್ಟಿಮೀಟರ್ ಇವಿಷ್ಟನ್ನು ಗಾಡಿಯಲ್ಲಿಟ್ಟುಕೊಂಡು ಹೊರಡಿ. ನಿಂತಾಗ ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ನಡುವಿಗೆ ಹೋಗುವ ದಪ್ಪ ವೈರನ್ನು ಕಿತ್ತು ಆ ಹಳೆಯ ಪ್ಲಗ್ಗಿಗೆ ಸಿಕ್ಕಿಸಿ ಸ್ಟಾರ್ಟರ್ ತಿರುಗಿಸಿ. ಡಿಸ್ಟ್ರಿಬ್ಯೂಟರ್ ಇರುವುದು ಕಾರ್ಬ್ಯುರೇಟರಿಗೆ ಎದುರು ಬದಿಯಲ್ಲಾದ್ದರಿಂದ ಪೆಟ್ರೋಲ್ ಆವಿಯ ಭಯ ಸ್ವಲ್ಪ ಕಡಿಮೆ, ಆದರೂ ಮೊದಲು ಮೂಸಿ ನೋಡಿಯೇ ಮುಂದುವರಿಯಿರಿ. ಚಟ್ ಚಟ್ ಎಂದು ನೀಲಿ ಕಿಡಿ ಹಾರಿದರೆ ನನ್ನ ಊಹೆ ತಪ್ಪು, ಮೇಲಿನ ಉತ್ತರವನ್ನು ಅನುಸರಿಸಿ. ಹಳದಿ ಬಣ್ಣದ ನಿಸ್ತೇಜ ಕಿಡಿ ಬಂದರೆ ಅಥವಾ ಕಿಡಿಯೇ ಬಾರದಿದ್ದರೆ ಕ್ಯಾಪ್ ತೆಗೆದು, ಎಂಜಿನ್ ತಿರುಗುವಾಗ ಪಾಯಿಂಟ್‌ಗಳ ನಡುವೆ ನೋಡಿ: ಕಂಡೆನ್ಸರ್ ಸತ್ತಿದ್ದರೆ ಅವು ತೆರೆದಾಗಲೆಲ್ಲ ವೆಲ್ಡಿಂಗಿನಂತೆ ಬೆಳಕು ಚಿಮ್ಮುತ್ತದೆ.

ಬಳಿಕ ಕಾಯಿಲಿನ ಮೇಲೆ ಕೈಯಿಡಿ. ಅದು ಬೆಚ್ಚಗಿರುವುದು ಸಹಜ, ಅಂಗೈಯನ್ನು ಐದು ಸೆಕೆಂಡು ಇಡಲಾಗದಷ್ಟು ಸುಡುವುದು ಸಹಜವಲ್ಲ. ಮನೆಗೆ ಬಂದು ತಣಿದ ಮೇಲೆ ಅದರ ಎರಡೂ ಸಣ್ಣ ವೈರ್‌ಗಳನ್ನು ಬಿಚ್ಚಿ ಆ ಎರಡು ಟರ್ಮಿನಲ್‌ಗಳ ನಡುವಿನ ರೆಸಿಸ್ಟೆನ್ಸ್ ಅಳೆಯಿರಿ. ಅಳೆಯುವ ಮುನ್ನ ಮೀಟರಿನ ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿ ಮೀಟರ್ ಎಷ್ಟು ತೋರಿಸುತ್ತದೆಂದು ಬರೆದುಕೊಂಡು, ಅದನ್ನು ಕಳೆಯಬೇಕು; ಒಂದೆರಡು ಓಮ್‌ಗಳ ಲೆಕ್ಕದಲ್ಲಿ ಮೀಟರ್ ವೈರಿನ ಆ ಚಿಲ್ಲರೆ ರೆಸಿಸ್ಟೆನ್ಸೇ ಉತ್ತರವನ್ನು ತಿರುಗಿಸಿಬಿಡುತ್ತದೆ. ನಿಮ್ಮ ಗಾಡಿಗೆ ಬೇಕಾದದ್ದು ಸುಮಾರು 3 ಓಮ್‌ನ ಕಾಯಿಲ್.

ಮೂರನೆಯ ಉತ್ತರ

ಇಷ್ಟೆಲ್ಲ ಏಕೆ? ಪಾಯಿಂಟ್ ಮತ್ತು ಕಂಡೆನ್ಸರ್ ಕಿತ್ತುಹಾಕಿ ಎಲೆಕ್ಟ್ರಾನಿಕ್ ಇಗ್ನಿಷನ್ ಕೂಡಿಸಿದರೆ ಈ ತಲೆನೋವೇ ಇರುವುದಿಲ್ಲ. ನಾನು ಹಾಕಿಸಿಕೊಂಡ ಮೇಲೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆರೆದದ್ದೇ ಅಪರೂಪ.

ಎರಡನೆಯ ಉತ್ತರ ಬರೆದವರಿಂದ

ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಬಗ್ಗೆ ನನಗೆ ಮಡಿವಂತಿಕೆಯಿಲ್ಲ, ಆದರೆ ದೋಷ ಗೊತ್ತಾಗುವ ಮುನ್ನ ಅದನ್ನು ಹಾಕಬೇಡಿ. ಪಾಸಿಟಿವ್ ಅರ್ತ್ ಇರುವ ಗಾಡಿಗೆ ನೆಗೆಟಿವ್ ಅರ್ತ್‌ನ ಮಾಡ್ಯೂಲ್ ಜೋಡಿಸಿದರೆ ಇಗ್ನಿಷನ್ ಆನ್ ಮಾಡಿದ ಕ್ಷಣವೇ ಅದು ಸುಡಬಹುದು. ಜೊತೆಗೆ, ಪಾಯಿಂಟ್‌ಗಳನ್ನು ಸುಡುತ್ತಿರುವ ಕರೆಂಟ್ ಆ ಮಾಡ್ಯೂಲನ್ನೂ ಬಿಡುವುದಿಲ್ಲ. ಸುಟ್ಟ ಪಾಯಿಂಟನ್ನು ಕಣ್ಣಿಂದ ನೋಡಿ ತಿಳಿಯಬಹುದು, ಸುಟ್ಟ ಮಾಡ್ಯೂಲ್ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ.

ಪ್ರಶ್ನೆ ಕೇಳಿದವರಿಂದ

ಹೇಳಿದಂತೆ ಮಾಡಿದೆ. ಇಪ್ಪತ್ತೆರಡನೇ ನಿಮಿಷಕ್ಕೆ ಗಾಡಿ ನಿಂತಿತು. ಪಂಪ್ ಎರಡು ಬಾರಿ ಟಿಕ್ಕೆಂದು ಸುಮ್ಮನಾಯಿತು, ಟ್ಯಾಂಕಿನ ಮುಚ್ಚಳ ತೆರೆದಾಗ ಯಾವ ಸದ್ದೂ ಬರಲಿಲ್ಲ. ಅಂದರೆ ಪೆಟ್ರೋಲಿನ ಕಡೆ ದೋಷವಿಲ್ಲ. ಹಳೆಯ ಪ್ಲಗ್ಗಿನಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ಹಳದಿ ಕಿಡಿ, ಅದೂ ನಾಲ್ಕಕ್ಕೆ ಒಂದು ಬಾರಿ. ಕಾಯಿಲನ್ನು ಮುಟ್ಟಿದವನು ತಕ್ಷಣ ಕೈ ತೆಗೆದೆ.

ಕಾಯಿಲ್ ತಣಿದ ಮೇಲೆ ಮೀಟರ್ 1.7 ಓಮ್ ತೋರಿಸಿತು. ಮೊನೆಗಳನ್ನು ಮುಟ್ಟಿಸಿದಾಗ 0.2 ಇತ್ತು. ಹಾಗಾದರೆ ನನ್ನದು 1.5 ಓಮ್‌ನ ಕಾಯಿಲ್. ಪೆಟ್ಟಿಗೆಯ ಮೇಲೆ 12 ವೋಲ್ಟ್ ಎಂದೇ ಬರೆದಿತ್ತು, ಮಾರಿದವರೂ ಇದೇ ಸರಿಯಾದದ್ದೆಂದು ಕೊಟ್ಟಿದ್ದರು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಗಾಡಿ ನಿಲ್ಲುವುದೇ? ಪಾಯಿಂಟ್‌ಗಳಲ್ಲಿ ಒಂದರ ಮೇಲೆ ಸಾಸಿವೆ ಕಾಳಿನಂಥ ಗುಬುಟು ಎದ್ದಿದೆ, ಎದುರಿನದರಲ್ಲಿ ಅದಕ್ಕೆ ಸರಿಹೊಂದುವ ಕುಳಿ ಬಿದ್ದಿದೆ.

ಎರಡನೆಯ ಉತ್ತರ ಬರೆದವರಿಂದ

ಸಣ್ಣ ವ್ಯತ್ಯಾಸವಲ್ಲ, ಎರಡು ಪಟ್ಟು. 12 ವೋಲ್ಟಿಗೆ 3 ಓಮ್‌ನ ಕಾಯಿಲ್ 4 ಆಂಪಿಯರ್ ಎಳೆದರೆ 1.5 ಓಮ್‌ನದು 8 ಆಂಪಿಯರ್ ಎಳೆಯುತ್ತದೆ. ಅದರೊಳಗೆ ಹುಟ್ಟುವ ಶಾಖವೂ ಇಮ್ಮಡಿ. ಡೈನಮೋ ಚಾರ್ಜ್ ಮಾಡುವಾಗ ವೋಲ್ಟೇಜ್ ಇನ್ನೂ ಮೇಲಿರುತ್ತದೆ. ನಾಲ್ಕು ಸಿಲಿಂಡರಿನ ಈ ಡಿಸ್ಟ್ರಿಬ್ಯೂಟರಿನಲ್ಲಿ ಪ್ರತಿ 90 ಡಿಗ್ರಿ ತಿರುಗುವಿಕೆಯಲ್ಲಿ ಸುಮಾರು 60 ಡಿಗ್ರಿ ಪಾಯಿಂಟ್‌ಗಳು ಮುಚ್ಚಿಯೇ ಇರುವುದರಿಂದ ಕಾಯಿಲಿಗೆ ಬಿಡುವೆಂಬುದು ಕಡಿಮೆ. ನಿಮ್ಮ ಗಾಡಿಯಲ್ಲಿ ಅದು ಡೈನಮೋದ ಬೆನ್ನ ಮೇಲೆ ಕೂತಿದ್ದರೆ ಡೈನಮೋದ ಬಿಸಿಯೂ ಸೇರಿಕೊಳ್ಳುತ್ತದೆ. ತಾಮ್ರ ಕಾದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಒಳಗಿನ ಇನ್ಸುಲೇಷನ್ ಸೋಲುತ್ತದೆ, ಕಿಡಿ ಬಡವಾಗುತ್ತದೆ. ಅರ್ಧ ಗಂಟೆಯಲ್ಲಿ ತಣಿದಾಗ ಎಲ್ಲವೂ ಮೊದಲಿನಂತೆ.

1.5 ಓಮ್‌ನ ಕಾಯಿಲ್ ಕಳಪೆಯದೇನಲ್ಲ, ಅದು ಬೇರೆ ಬಗೆಯ ವೈರಿಂಗಿಗಾಗಿ ಮಾಡಿದ್ದು. ಅಂಥ ಗಾಡಿಗಳಲ್ಲಿ ಕಾಯಿಲಿಗೆ ಮುಂಚೆ ಒಂದು ಬ್ಯಾಲಸ್ಟ್ ರೆಸಿಸ್ಟರ್ ಇರುತ್ತದೆ; ಎಂಜಿನ್ ಓಡುವಾಗ ಅದು ಕರೆಂಟನ್ನು ತಗ್ಗಿಸುತ್ತದೆ, ಸ್ಟಾರ್ಟರ್ ತಿರುಗುವಾಗ ಮಾತ್ರ ಅದರ ಮೂಲಕ ಹಾಯದೆ ಬ್ಯಾಟರಿಯ ಕರೆಂಟ್ ನೇರವಾಗಿ ಕಾಯಿಲಿಗೆ ಹೋಗುತ್ತದೆ. ನಿಮ್ಮ ಗಾಡಿಯಲ್ಲಿ ಆ ರೆಸಿಸ್ಟರ್ ಇಲ್ಲ. ಹೊರಗಿನಿಂದ ಒಂದನ್ನು ಸೇರಿಸಬಹುದು, ಆದರೆ ಯಾರೂ ಮುಟ್ಟದ ವೈರಿಂಗನ್ನು ಕಾಯಿಲಿಗಾಗಿ ಕತ್ತರಿಸುವುದಕ್ಕಿಂತ ವೈರಿಂಗಿಗೆ ತಕ್ಕ ಕಾಯಿಲ್ ತರುವುದು ಮೇಲು.

ಜೋಡಿಸುವಾಗ ಇನ್ನೊಂದು ಎಚ್ಚರ. ನಿಮ್ಮದು ಪಾಸಿಟಿವ್ ಅರ್ತ್ ಆದ್ದರಿಂದ ಕಾಯಿಲಿನ ಪ್ಲಸ್ ಗುರುತಿನ ಟರ್ಮಿನಲ್ ಡಿಸ್ಟ್ರಿಬ್ಯೂಟರಿಗೆ ಹೋಗಬೇಕು, ಮೈನಸ್ ಇಗ್ನಿಷನ್ನಿಗೆ. ತಿರುಗುಮುರುಗಾದರೂ ಎಂಜಿನ್ ಓಡುತ್ತದೆ, ಅದೇ ತೊಂದರೆ. ಆಗ ಪ್ಲಗ್ಗಿನ ಬಿಸಿಯಾದ ನಡುಮೊನೆಯಿಂದ ಹೊರಡಬೇಕಾದ ಕಿಡಿ ತಣ್ಣಗಿನ ಅಂಚಿನಿಂದ ಹೊರಡಬೇಕಾಗಿ ಬಂದು, ಹೆಚ್ಚು ವೋಲ್ಟೇಜ್ ಬೇಡುತ್ತದೆ.

ಪಾಯಿಂಟ್‌ಗಳನ್ನೂ ಕಂಡೆನ್ಸರನ್ನೂ ಒಟ್ಟಿಗೇ ಬದಲಿಸಿ. ಗುಬುಟು ಎದ್ದ ಪಾಯಿಂಟಿನಲ್ಲಿ ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ಗುಬುಟಿನ ತುದಿಯನ್ನಷ್ಟೇ ಮುಟ್ಟುವುದರಿಂದ ಅಳತೆ ಸುಳ್ಳಾಗುತ್ತದೆ, ಹಾಗಾಗಿ ಉಜ್ಜಿ ಬಳಸುವ ಯೋಚನೆ ಬೇಡ. ಕ್ಯಾಮಿನ ಉಬ್ಬು ಪಾಯಿಂಟಿನ ಹಿಮ್ಮಡಿಯನ್ನು ಪೂರ್ತಿ ಎತ್ತಿರುವಾಗ ಅಂತರವನ್ನು 0.35ರಿಂದ 0.40 ಮಿ.ಮೀ. ನಡುವೆ ನಿಲ್ಲಿಸಿ, ಪ್ಲಗ್ಗಿನ ಅಂತರ 0.64 ಮಿ.ಮೀ. ಪಾಯಿಂಟಿನ ಅಂತರ ಹೆಚ್ಚಾದರೆ ಕಿಡಿ ಬೇಗ ಹೊರಡುತ್ತದೆ, ಕಡಿಮೆಯಾದರೆ ತಡವಾಗುತ್ತದೆ, ಆದ್ದರಿಂದ ಅಂತರ ಮುಟ್ಟಿದ ಮೇಲೆ ಟೈಮಿಂಗ್ ನೋಡಲೇಬೇಕು. ಅದನ್ನು ನೋಡುವಾಗ ಇಗ್ನಿಷನ್ ಆನ್ ಮಾಡಿಟ್ಟು ಚಹಾ ಕುಡಿಯಲು ಹೋಗಬೇಡಿ: ಪಾಯಿಂಟ್‌ಗಳು ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ ಹೊಸ ಕಾಯಿಲೂ ಕಾದುಹೋಗುತ್ತದೆ.

ಪ್ರಶ್ನೆ ಕೇಳಿದವರಿಂದ

3 ಓಮ್‌ನ ಕಾಯಿಲ್, ಹೊಸ ಪಾಯಿಂಟ್, ಕಂಡೆನ್ಸರ್ ಎಲ್ಲವನ್ನೂ ಹಾಕಿದೆ. ಹಳೆಯದನ್ನು ಬಿಚ್ಚುವಾಗ ನೋಡಿದರೆ ಪ್ಲಸ್ ಮೈನಸ್ ಕೂಡ ಅದಲುಬದಲಾಗಿದ್ದವು. ಒಂದೂವರೆ ಗಂಟೆ ನಿಲ್ಲಿಸದೆ ಓಡಿಸಿದೆ. ಏರಿನಲ್ಲೂ ಮಿಸ್ ಇಲ್ಲ, ಕಾಯಿಲ್ ಮುಟ್ಟುವಷ್ಟೇ ಬೆಚ್ಚಗಿದೆ. ಆದರೆ ಈಗ ಐಡ್ಲಿಂಗಿನಲ್ಲಿ ಎಂಜಿನ್ ಸ್ವಲ್ಪ ಕುಂಟುತ್ತದೆ, ನಾಲ್ಕೂ ಪ್ಲಗ್‌ಗಳ ಮೇಲೆ ಒಣ ಮಸಿ ಕೂತಿದೆ.

ಮೊದಲ ಉತ್ತರ ಬರೆದವರಿಂದ

ಅದು ನೀವೇ ಕೆಳಗಿಳಿಸಿದ ಜೆಟ್ ನಟ್ಟಿನ ಫಲ. ನಟ್ ಕೆಳಗಿಳಿದಷ್ಟೂ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚುತ್ತದೆ. ಚೋಕ್ ಪೂರ್ತಿ ಒಳಗಿರುವಾಗ ನಟ್ಟನ್ನು ಮೇಲಕ್ಕೆ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಎರಡು ಪೂರ್ತಿ ಸುತ್ತು, ಅಂದರೆ ನಟ್ಟಿನ ಹನ್ನೆರಡು ಮುಖಗಳಷ್ಟು ಕೆಳಗಿಳಿಸಿ, ಎಂಜಿನ್ ಚೆನ್ನಾಗಿ ಬಿಸಿಯಾಗಲು ಬಿಡಿ. ಬಳಿಕ ಕಾರ್ಬ್ಯುರೇಟರಿನ ಪಿಸ್ಟನ್ನನ್ನು ಅದರ ಪಿನ್ನಿನಿಂದ ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ ನೋಡಿ. ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ, ಎಂಜಿನ್ ಆರಿಹೋದರೆ ಕಡಿಮೆಯಾಗಿದೆ, ಕ್ಷಣಮಾತ್ರ ತುಸು ಏರಿ ಮತ್ತೆ ಮೊದಲಿನ ವೇಗಕ್ಕೆ ಬಂದರೆ ಸರಿಯಿದೆ. ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಿ, ಪ್ರತಿ ಸಲವೂ ಎಂಜಿನ್ನಿನ ವೇಗವನ್ನು ಸ್ವಲ್ಪ ಏರಿಸಿ ಇಳಿಸಿ ನೋಡಿ. ಮಸಿ ಹಿಡಿದ ಪ್ಲಗ್‌ಗಳನ್ನು ಒರೆಸಿ ಹಾಕಿದರೆ ಸಾಕು, ಹೊಸವು ಬೇಕಿಲ್ಲ.