ಬಿಸಿ ಗಣಿಗೆ ಪರ್ಲೈಟ್ ಗ್ರೌಟ್: 28 ದಿನದ ಬಲ ನೋಡಿದರೆ ಸಾಕಾ?

ಗಣಿಹುಡುಗ:
ಎಂ.ಟೆಕ್ ಪ್ರಾಜೆಕ್ಟಿಗೆ ಸಿಮೆಂಟ್, ಫ್ಲೈ ಆ್ಯಶ್, ಪರ್ಲೈಟ್ (ಕಾಯಿಸಿ ಉಬ್ಬಿಸಿದ, ಒಳಗೆಲ್ಲ ಪೊಳ್ಳಿರುವ ಹಗುರ ಕಲ್ಲಿನ ಕಾಳು) ಬೆರೆಸಿ ಗ್ರೌಟ್ (ಬಂಡೆಗೆ ತುಂಬುವ ತೆಳು ಗಾರೆ) ಮಾಡುತ್ತಿದ್ದೇನೆ. ಆಳದ ಗಣಿಯಲ್ಲಿ ಬಂಡೆಯ ಬಿಸಿ ಸುರಂಗಕ್ಕೆ ಇಳಿಯದಂತೆ ತಡೆಯಬೇಕು. ಪರ್ಲೈಟ್ ಜಾಸ್ತಿ ಹಾಕಿದಷ್ಟೂ ಶಾಖ ಕಡಿಮೆ ದಾಟುತ್ತದೆ. 28 ದಿನಕ್ಕೆ ಕ್ಯೂಬ್ (ಗ್ರೌಟಿನ ಘನಾಕಾರದ ಮಾದರಿ) ಒತ್ತಿ ಒಡೆದಾಗ ಬಲವೂ ಪರವಾಗಿಲ್ಲ. ಆದರೆ ಗೈಡ್ ಕ್ರೀಪ್ ಟೆಸ್ಟ್ (ಹೊರೆ ಹಾಗೇ ಇಟ್ಟು, ದಿನ ಕಳೆದಂತೆ ಮಾದರಿ ಎಷ್ಟು ಜಗ್ಗುತ್ತದೆ ಅಂತ ನೋಡುವುದು) ಮಾಡು ಅನ್ನುತ್ತಾರೆ. ಅದು ಬೇಕೇ ಬೇಕಾ? ರೂಮಿನ ತಾಪದಲ್ಲೇ ಮಾಡಬಹುದಾ?

ಲ್ಯಾಬ್‌ಮೇಷ್ಟ್ರು:
ಬೇಕೇ ಬೇಕು. ಕ್ಯೂಬ್ ಕೆಲವೇ ನಿಮಿಷದಲ್ಲಿ ಒಡೆಯುತ್ತದೆ. ಬಂಡೆ ವರ್ಷಗಟ್ಟಲೆ ಒತ್ತುತ್ತಲೇ ಇರುತ್ತದೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳಕ್ಕೆ ಹೋಗಿತ್ತು, ತಳದಲ್ಲಿ ಬಂಡೆ 60 ಡಿಗ್ರಿ ದಾಟಿತ್ತು. ಅಂಥ ಜಾಗಕ್ಕೆ ಅಲ್ವಾ ನೀವು ಗ್ರೌಟ್ ಮಾಡುತ್ತಿರುವುದು?

ಹೊರೆ ಹಾಕಿ ಡಯಲ್ ಗೇಜ್ (ಮಾದರಿ ಎಷ್ಟು ಜಗ್ಗಿತು ಅಂತ ಮುಳ್ಳಿನಲ್ಲಿ ತೋರಿಸುವ ಮಾಪಕ) ನೋಡುತ್ತಾ ಕೂತುಕೊಳ್ಳಿ. ಮುಳ್ಳು ಮೊದಲು ಬೇಗ ಸರಿಯುತ್ತದೆ, ಆಮೇಲೆ ನಿಧಾನವಾಗಿ ನಿಂತೇ ಹೋದ ಹಾಗಿರುತ್ತದೆ. ಹೊರೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಒಂದು ಮೆಟ್ಟಿಲಲ್ಲಿ ಮುಳ್ಳು ನಿಲ್ಲುವುದೇ ಇಲ್ಲ. ಒಂದೇ ವೇಗದಲ್ಲಿ ತೆವಳಿ, ಕೊನೆಗೆ ಒಮ್ಮೆಲೇ ಓಡುತ್ತದೆ, ಮಾದರಿ ಒಡೆಯುತ್ತದೆ. ಅದಕ್ಕಿಂತ ಕೆಳಗಿನ ಹೊರೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಅದು 28 ದಿನದ ಬಲಕ್ಕಿಂತ ಕಡಿಮೆಯೇ ಇರುತ್ತದೆ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಶಾಖ ತಡೆಯುವುದು ಪರ್ಲೈಟಿನೊಳಗಿನ ಪೊಳ್ಳು. ಒತ್ತಡಕ್ಕೆ ಮೊದಲು ಜಗ್ಗುವುದೂ ಅದೇ. ಪೊಳ್ಳು ಕುಸಿದರೆ ಬಲದ ಜೊತೆಗೆ ಶಾಖ ತಡೆಯುವ ಗುಣವೂ ಹೋಗುತ್ತದೆ. ಹಾಗಾಗಿ ಕ್ರೀಪ್ ಮುಗಿದ ಮಾದರಿಯಲ್ಲೇ ಶಾಖವಾಹಕತೆಯನ್ನು ಮತ್ತೆ ಅಳೆಯಿರಿ.

ರೂಮಿನ ತಾಪ ಬೇಡ. ಬಿಸಿಯಲ್ಲಿ ಸಿಮೆಂಟಿನೊಳಗಿನ ತೇವ ಸುಲಭವಾಗಿ ಸರಿದಾಡುತ್ತದೆ, ಕ್ರೀಪ್ ಹೆಚ್ಚುತ್ತದೆ.

ಶಿಫ್ಟ್‌ಬಾಸ್:
ಮೇಷ್ಟ್ರು ಹೇಳಿದ್ದು ಸರಿ. ನೀರನ್ನೂ ಮರೆಯಬೇಡಿ. ಬಿರುಕಿನಲ್ಲಿ ಬಿಸಿನೀರು ಜಿನುಗುವ ಕಡೆ ಪೊಳ್ಳಿನೊಳಗೆ ನೀರು ಹೊಕ್ಕರೆ ಕಥೆ ಮುಗಿಯಿತು. ನಿಂತ ಗಾಳಿಗಿಂತ ನೀರು 20 ಪಟ್ಟಿಗೂ ಜಾಸ್ತಿ ಶಾಖ ದಾಟಿಸುತ್ತದೆ. ಒಣ ಮಾದರಿಯ ಅಂಕಿ ಹಿಡಿದು ಕೂಲಿಂಗ್ ಲೆಕ್ಕ ಹಾಕಿದರೆ ಕೆಳಗೆ ಕೆಲಸ ಮಾಡುವವರು ಬೇಯುತ್ತಾರೆ.

ಗಣಿಹುಡುಗ:
ಥ್ಯಾಂಕ್ಸ್ ಸರ್. ನಮ್ಮಲ್ಲಿ ಇರುವುದು ಒಂದೇ ಯುಟಿಎಂ (ಮಾದರಿಯನ್ನು ಒತ್ತಿ, ಎಳೆದು ಬಲ ನೋಡುವ ಯಂತ್ರ), ಅದನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳಲು ಬಿಡುವುದಿಲ್ಲ.

ಲ್ಯಾಬ್‌ಮೇಷ್ಟ್ರು:
ಯುಟಿಎಂ ಬೇಡವೇ ಬೇಡ. ಲಿವರ್ ಫ್ರೇಮಿಗೆ ತೂಕದ ಕಲ್ಲು ನೇತುಹಾಕಿ, ಕರೆಂಟ್ ಹೋದರೂ ಹೊರೆ ಕದಲುವುದಿಲ್ಲ. ಮಾದರಿಗೆ ಹೀಟಿಂಗ್ ಜಾಕೆಟ್ ಸುತ್ತಿ. ಒಂದು ಗುಂಪಿಗೆ ತೇವ ಆರದಂತೆ ಫಾಯಿಲ್ ಕಟ್ಟಿ, ಇನ್ನೊಂದನ್ನು ಹಾಗೇ ಬಿಡಿ. ಅದೇ ತಾಪದಲ್ಲಿ ಹೊರೆಯಿಲ್ಲದ ಮಾದರಿಗಳನ್ನೂ ಪಕ್ಕದಲ್ಲಿಡಿ. ಒಣಗಿ ಕುಗ್ಗಿದ್ದೆಷ್ಟು, ಹೊರೆಗೆ ಜಗ್ಗಿದ್ದೆಷ್ಟು ಅಂತ ಬೇರೆ ಮಾಡಲು ಅವು ಬೇಕು.