ಉಂಡ ಮನೆಯ ಜಂತೆ ಎಣಿಸಿದವನು

"ಉಂಡ ಮನೆಯ ಜಂತೆ ಎಣಿಸುವವನಿಗಿಂತ ಕೆಟ್ಟವನು ಇನ್ನೊಬ್ಬನಿಲ್ಲ" ಎಂದರು ವಕೀಲರು. ಮೇಷ್ಟ್ರು ಈ ಮಾತಿಗೇ ಕಾಯುತ್ತಿದ್ದರೋ ಏನೋ.

"ಫ್ರಿಟ್ಸ್ ಕೋಲ್ಬೆ ಗೊತ್ತಾ? ಹಿಟ್ಲರನ ವಿದೇಶಾಂಗ ಕಚೇರಿಯಲ್ಲಿದ್ದ. ಜಂತೆ ಎಣಿಸಿದ್ದಷ್ಟೇ ಅಲ್ಲ, ಲೆಕ್ಕವನ್ನು ಒಯ್ದು ಅಮೆರಿಕದವರ ಕೈಗೂ ಕೊಟ್ಟ."

"ಎಷ್ಟಕ್ಕೆ?" ಇದು ನಮ್ಮ ಬ್ಯಾಂಕಿನ ಗೆಳೆಯ. ಅವನಿಗೆ ಎಲ್ಲ ಕಥೆಯೂ ದುಡ್ಡಿನಿಂದಲೇ ಶುರುವಾಗಬೇಕು.

"ಬಿಟ್ಟಿ. ಕೊಡ್ತೀವಿ ಅಂದರೂ ಬೇಡ ಅಂದ."

ಅವನ ಮುಖ ನೋಡಬೇಕಿತ್ತು. ಯಾರೋ ಸಾಲ ಮನ್ನಾ ಮಾಡಿದ ಸುದ್ದಿ ಕೇಳಿದ ಹಾಗಿತ್ತು.

ಕೋಲ್ಬೆ ನಾಜಿ ಪಕ್ಷ ಸೇರಲಿಲ್ಲ. ಹಾಗಾಗಿ ದೊಡ್ಡ ಕುರ್ಚಿ ಸಿಗಲಿಲ್ಲ. ಆದರೆ ಬರ್ಲಿನ್ನಿನಲ್ಲಿ ಅವನ ಕೆಲಸ ಏನಂತೀರಿ? ಗುಟ್ಟಿನ ತಂತಿಗಳನ್ನೆಲ್ಲ ಓದಿ, ಆರಿಸಿ, ಮೇಲಧಿಕಾರಿ ಕಾರ್ಲ್ ರಿಟ್ಟರ್‌ಗೆ ಒಪ್ಪಿಸುವುದು.

"ನಂಬಿಕೆ ಇಲ್ಲದವನಿಗೇ ಗುಟ್ಟು ಒಪ್ಪಿಸಿದರಾ?" ಎಂದೆ.

"ಹೂಂ. ಬೆಕ್ಕಿಗೆ ಹಾಲಿನ ಕಾವಲು."

1943ರ ಆಗಸ್ಟ್‌ನಲ್ಲಿ ಸರ್ಕಾರಿ ಟಪಾಲು ಹೊತ್ತು ಸ್ವಿಟ್ಜರ್ಲೆಂಡಿನ ಬರ್ನ್‌ಗೆ ಹೋಗುವ ಅವಕಾಶ ಅವನಿಗೆ ಸಿಕ್ಕಿತು. ಸರ್ಕಾರದ ಟಪಾಲು ಚೀಲದಲ್ಲಿ, ತನ್ನ ಟಪಾಲು ಪ್ಯಾಂಟಿನೊಳಗೆ, ತೊಡೆಗೆ ಕಟ್ಟಿಕೊಂಡು! ರೈಲಿನಲ್ಲಿ ಕೂತವನಿಗೆ ಕಾಲು ತುರಿಸಿದ್ದರೆ ಏನು ಗತಿ ಎಂದು ನಾನು ಕೇಳಿದೆ. ಮೇಷ್ಟ್ರು ಇಂಥ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಇಷ್ಟು ಕಷ್ಟಪಟ್ಟು ಹೋದರೆ ಬ್ರಿಟಿಷರು ಬಾಗಿಲಿನಿಂದಲೇ ಕಳಿಸಿಬಿಟ್ಟರು. ಆಮೇಲೆ ಬರ್ನ್‌ನಲ್ಲಿದ್ದ ಅಮೆರಿಕದ ಗುಪ್ತಚರ ಕಚೇರಿಯ ಮುಖ್ಯಸ್ಥ ಅಲೆನ್ ಡಲ್ಲೆಸ್ ಹತ್ತಿರ ಹೋದ. ಅಲ್ಲಿ ಅವನಿಗೆ 'ಜಾರ್ಜ್ ವುಡ್' ಎಂಬ ಗುಪ್ತನಾಮ ಸಿಕ್ಕಿತು. ಯುದ್ಧ ಮುಗಿಯುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಕಾಗದ ದಾಟಿಸಿದ್ದ.

ಅದರಲ್ಲೊಂದು ಎಳೆ ಟರ್ಕಿಯ ಅಂಕಾರಾಕ್ಕೆ ಹೋಗುತ್ತಿತ್ತು. ಅಲ್ಲಿನ ಬ್ರಿಟಿಷ್ ರಾಯಭಾರಿಯ ಮನೆಯ ಆಳೇ ಕಾಗದಗಳ ಫೋಟೊ ತೆಗೆದು ಜರ್ಮನರಿಗೆ ಮಾರುತ್ತಿದ್ದ. 'ಸಿಸೆರೊ' ಎಂದು ಅವನ ಗುಪ್ತನಾಮ.

"ಇವನಾದರೂ ದುಡ್ಡು ತಗೊಂಡನಾ?"

"ತಗೊಂಡ. ಕಟ್ಟುಗಟ್ಟಲೆ ಪೌಂಡು. ಬಹುಪಾಲು ನಾಜಿಗಳೇ ಅಚ್ಚು ಹಾಕಿಸಿದ ಖೋಟಾ ನೋಟು."

ಬ್ಯಾಂಕಿನವನು ಎದೆ ಹಿಡಿದುಕೊಂಡ. "ಬೆಳಕಿಗೆ ಹಿಡಿದು ನೋಡಬಾರದಿತ್ತಾ!"

"ಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿಯಿಂದ ಪರಿಹಾರ ಕೇಳಿದ."

ವಕೀಲರ ಕಣ್ಣು ಮಿಂಚಿತು. "ಆ ಕೇಸು ನನ್ನ ಕೈಗೆ ಸಿಕ್ಕಿದ್ದರೆ..." ಎಂದವರಿಗೆ, ತಾವು ದ್ರೋಹಿಗಳನ್ನು ಬೈಯುತ್ತಿದ್ದದ್ದು ಆಮೇಲೆ ನೆನಪಾಯಿತು. ಗಂಟಲು ಸರಿಮಾಡಿಕೊಂಡು, "ಏನೇ ಆದರೂ ಕೋಲ್ಬೆ ಮಾಡಿದ್ದು ತಪ್ಪೇ. ಸಂಬಳ ಯಾರು ಕೊಡ್ತಿದ್ದರು?" ಎಂದರು.

"ಯಜಮಾನನೇ ಮನೆಗೆ ಬೆಂಕಿ ಇಡ್ತಿರುವಾಗ ಪಕ್ಕದವರನ್ನು ಕೂಗಬಾರದಾ?"

"ಕೂಗಲಿ. ಕೆಲಸ ಬಿಟ್ಟು ಕೂಗಲಿ."

"ಕೆಲಸ ಬಿಟ್ಟವನ ಕೈಗೆ ತಂತಿ ಯಾರು ಕೊಡ್ತಾರೆ ಸ್ವಾಮಿ?"

ಇದು ನನಗೆ ಸರಿಯೆನಿಸಿತು. ವಕೀಲರ ಮುಂದೆ ಹೇಳಲಿಲ್ಲ ಅಷ್ಟೆ.

ಯುದ್ಧ ಮುಗಿದ ಮೇಲೆ ಕೋಲ್ಬೆಯನ್ನು ಅವನ ದೇಶದ ವಿದೇಶಾಂಗ ಕಚೇರಿ ವಾಪಸ್ ಸೇರಿಸಿಕೊಳ್ಳಲಿಲ್ಲ. ಹಳೆಯ ಸಹೋದ್ಯೋಗಿಗಳಿಗೆ ಅವನು ದ್ರೋಹಿ. ಹೊಟ್ಟೆಪಾಡಿಗೆ ಯಂತ್ರದ ಗರಗಸ ಮಾರಿಕೊಂಡಿದ್ದ. 1971ರಲ್ಲಿ ತೀರಿಕೊಂಡ.

"ಜಂತೆ ಎಣಿಸಿದವನಿಗೆ ಗರಗಸ ಮಾರುವ ಕೆಲಸ!" ವಕೀಲರು ಬಿದ್ದು ಬಿದ್ದು ನಕ್ಕರು.

"2004ರಲ್ಲಿ ಅದೇ ವಿದೇಶಾಂಗ ಕಚೇರಿ ಒಂದು ಕೋಣೆಗೆ ಅವನ ಹೆಸರಿಟ್ಟಿತು" ಎಂದರು ಮೇಷ್ಟ್ರು.

ವಕೀಲರ ನಗು ನಿಂತಿತು. ಬ್ಯಾಂಕಿನವನು ಮಾತ್ರ ಬೆರಳು ಮಡಚಿ ಎಣಿಸುತ್ತಿದ್ದ. "ಸತ್ತು 33 ವರ್ಷ ಆದ ಮೇಲೆ ಅಸಲು ಕೊಟ್ಟಿದ್ದಾರೆ. ಬಡ್ಡಿ ಎಲ್ಲಿ?"